ಮೈನೆರೆಯುವ ವಯಸ್ಸು ಇಳಿಯುತ್ತಿರುವುದೇಕೆ? ತಾಯಂದಿರ ಸಭೆಗೆ ಸರಿಯಾದ ಉತ್ತರ ಬೇಕು

ಐದನೇ ತರಗತಿ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾಲ್ಕರಿಂದ ಏಳನೇ ತರಗತಿವರೆಗಿನ ಹೆಣ್ಣುಮಕ್ಕಳ ತಾಯಂದಿರಿಗೆ ಶಾಲೆಯಲ್ಲಿ ಒಂದು ಸಭೆ ಇಟ್ಟಿದ್ದೇವೆ. ಇಂಥ ಸಭೆಯಲ್ಲಿ ಪ್ರತಿ ಸಲ ಏಳುವ ಮಾತು ಇದು: "ನಾವು ದೊಡ್ಡವರಾದಾಗ ಹದಿನಾಲ್ಕು ತುಂಬಿತ್ತು, ಈಗಿನವು ಐದನೇ ಕ್ಲಾಸಿಗೇ ಆಗಿಬಿಡ್ತಾವೆ, ಎಲ್ಲಾ ಫಾರಂ ಕೋಳಿಯಿಂದ." ಅದರ ಹಿಂದೆಯೇ ಪ್ಯಾಕೆಟ್ ಹಾಲು, ಬಿಸಿಯೂಟದ ಮೊಟ್ಟೆ, ಎಳ್ಳು, ಪಪ್ಪಾಯಿ, ಮೊಬೈಲು ಎಲ್ಲವೂ ಬರುತ್ತವೆ. ಕೆಲವರು ಮಗಳಿಗೆ ಶಾಲೆಯಲ್ಲಿ ಮೊಟ್ಟೆ ಕೊಡಬೇಡಿ ಎಂದು ಚೀಟಿ ಕಳಿಸುತ್ತಾರೆ.

ನನಗೆ ಬೇಕಾದದ್ದು ಇಷ್ಟು. ವಯಸ್ಸು ನಿಜಕ್ಕೂ ಎಷ್ಟು ಇಳಿದಿದೆ, ಏಕೆ? ಕೋಳಿ, ಹಾಲು, ಮೊಟ್ಟೆಯ ಬಗ್ಗೆ ಖಚಿತವಾಗಿ ಏನು ಹೇಳಬಹುದು? ಯಾವ ವಯಸ್ಸು "ಬೇಗ", ಯಾವುದು "ತಡ", ಯಾರನ್ನು ಡಾಕ್ಟರ ಹತ್ತಿರ ಕಳಿಸಬೇಕು? ಊಟ ಕಡಿಮೆ ಮಾಡಿ ಮುಂದೂಡಬಹುದಾ ಎಂದು ಕೇಳುವ ತಾಯಂದಿರಿಗೆ ಏನು ಹೇಳಲಿ?

---

ಬೆಳವಣಿಗೆ ನಕ್ಷೆ

ಮೇಡಂ, ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ, ಇಲ್ಲದಿದ್ದರೆ ಸಭೆಯ ಮಾತೆಲ್ಲ ಕಲಸಿಹೋಗುತ್ತದೆ. ಎದೆ ಮೂಡುವುದು ಒಂದು, ಮುಟ್ಟಾಗುವುದು ಇನ್ನೊಂದು. ಇವೆರಡರ ನಡುವೆ ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷ ಇರುತ್ತದೆ. ಎದೆ ಬೇಗ ಮೂಡಿದ ಹುಡುಗಿಯರಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಇತ್ತೀಚಿನ ದಶಕಗಳಲ್ಲಿ ಹೆಚ್ಚು ಹಿಂದಕ್ಕೆ ಸರಿದಿರುವುದು ಎದೆ ಮೂಡುವ ವಯಸ್ಸು, ಮುಟ್ಟಿನ ವಯಸ್ಸು ಅಷ್ಟಾಗಿ ಸರಿದಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಒಂದೇ ಕ್ರಮದಲ್ಲಿ ಎರಡು ಬಾರಿ ಅಳೆದು ನೋಡಿದ್ದಾರೆ. 1991ರ ಸುಮಾರಿಗೆ ಎದೆ ಮೂಡುವ ಸರಾಸರಿ ವಯಸ್ಸು 10.88 ವರ್ಷ ಇದ್ದದ್ದು 2006ರ ಸುಮಾರಿಗೆ 9.86ಕ್ಕೆ ಬಂತು, ಅಂದರೆ ಪೂರ್ತಿ ಒಂದು ವರ್ಷ. ಅದೇ ಅವಧಿಯಲ್ಲಿ ಮುಟ್ಟಿನ ವಯಸ್ಸು 13.42ರಿಂದ 13.13ಕ್ಕೆ ಇಳಿಯಿತು, ಮೂರೂವರೆ ತಿಂಗಳಷ್ಟೇ.

ದೊಡ್ಡ ಇಳಿಕೆ ಆದದ್ದು ಅದಕ್ಕೂ ಬಹಳ ಹಿಂದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಉತ್ತರ ಯುರೋಪಿನ ಹುಡುಗಿಯರು 16–17ಕ್ಕೆ ಮೈನೆರೆಯುತ್ತಿದ್ದರು. ಇಪ್ಪತ್ತನೇ ಶತಮಾನದ ನಡುವಿಗೆ ಅದು 13ರ ಆಸುಪಾಸಿಗೆ ಬಂತು. ಆ ನೂರು ವರ್ಷದಲ್ಲಿ ಬ್ರಾಯ್ಲರ್ ಕೋಳಿಯೂ ಇರಲಿಲ್ಲ, ಪ್ಲಾಸ್ಟಿಕ್ ಡಬ್ಬಿಯೂ ಇರಲಿಲ್ಲ. ಬದಲಾದದ್ದು ಹೊಟ್ಟೆ ತುಂಬ ಊಟ, ಕುಡಿಯಲು ಶುದ್ಧ ನೀರು, ಭೇದಿ ಮತ್ತು ಸೋಂಕುಗಳ ಇಳಿಕೆ, ಮನೆಯಲ್ಲಿ ಮಕ್ಕಳ ಸಂಖ್ಯೆ. ಎರಡನೇ ಮಹಾಯುದ್ಧದಲ್ಲಿ ಹಸಿವು ಕಂಡ ಊರುಗಳಲ್ಲಿ ಈ ವಯಸ್ಸು ಮತ್ತೆ ಮೇಲೇರಿತ್ತು, ಊಟ ಮರಳಿದ ಮೇಲೆ ಇಳಿಯಿತು. ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ನಮ್ಮ ದೇಶದ ಲೆಕ್ಕವೂ ಇದೆ. 2005ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ವಿವಾಹಿತ ಮಹಿಳೆಯರು ಹೇಳಿದ ವಯಸ್ಸಿನ ಸರಾಸರಿ 13.76. ಹುಟ್ಟಿದ ವರ್ಷದ ಪ್ರಕಾರ ಜೋಡಿಸಿದರೆ ದಶಕಕ್ಕೆ ಸುಮಾರು ಒಂದು ತಿಂಗಳ ಇಳಿಕೆ. ಹಾಗಾಗಿ "ಹದಿನಾಲ್ಕು ತುಂಬಿತ್ತು" ಎನ್ನುವ ತಾಯಿ ಸುಳ್ಳು ಹೇಳುತ್ತಿಲ್ಲ. ಆದರೆ ಹತ್ತಕ್ಕೇ ಆಗುವುದು ಈಗಿನ ಸರಾಸರಿಯಲ್ಲ, ಸಾಲಿನ ಮುಂದಿನ ತುದಿ. ತರಗತಿಯಲ್ಲಿ ಮೊದಲು ಆದ ಇಬ್ಬರ ಸುದ್ದಿ ಊರಿಗೆಲ್ಲ ಗೊತ್ತಾಗುತ್ತದೆ, ಹದಿಮೂರಕ್ಕೆ ಆದ ಮೂವತ್ತು ಜನರದು ಯಾರ ಬಾಯಿಗೂ ಬರುವುದಿಲ್ಲ.

ಈಗ ಒಳಗಿನ ಕೆಲಸ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಗಂಟೆಗೊಮ್ಮೆಯೋ ಎರಡು ಗಂಟೆಗೊಮ್ಮೆಯೋ ಒಂದು ಹಾರ್ಮೋನನ್ನು ಚಿಮ್ಮಿಸುತ್ತದೆ. ಅದು ಪಿಟ್ಯುಟರಿ ಗ್ರಂಥಿಯನ್ನು, ಪಿಟ್ಯುಟರಿ ಅಂಡಾಶಯವನ್ನು ಎಬ್ಬಿಸುತ್ತದೆ. ಹಸುಗೂಸಿನಲ್ಲಿ ಈ ಏರ್ಪಾಡು ಕೆಲವು ತಿಂಗಳು ನಡೆದು ಆಮೇಲೆ ಬ್ರೇಕ್ ಬೀಳುತ್ತದೆ, ಎಂಟು ಹತ್ತು ವರ್ಷ ಹಾಗೇ ಇರುತ್ತದೆ. ಆ ಬ್ರೇಕಿನ ಒಂದು ಭಾಗ ಎಂಕೆಆರ್‌ಎನ್3 ಎಂಬ ಜೀನ್. ಅದು ಕೆಟ್ಟಿರುವ ಕುಟುಂಬಗಳಲ್ಲಿ ಮಕ್ಕಳು ಎಂಟಕ್ಕೂ ಮೊದಲೇ ಪ್ರೌಢರಾಗುತ್ತಾರೆಂದು 2013ರಲ್ಲಿ ಗೊತ್ತಾಯಿತು. ಮುಂದಕ್ಕೆ ತಳ್ಳುವ ವಸ್ತು ಕಿಸ್‌ಪೆಪ್ಟಿನ್. ಬ್ರೇಕ್ ಬಿಡಬೇಕೋ ಬೇಡವೋ ಎಂದು ಮಿದುಳು ತೀರ್ಮಾನಿಸುವಾಗ ನೋಡುವ ಮುಖ್ಯ ಸಂಗತಿ, ದೇಹದಲ್ಲಿ ದಾಸ್ತಾನು ಎಷ್ಟಿದೆ ಎಂಬುದು. ಕೊಬ್ಬಿನ ಕೋಶಗಳು ಬಿಡುವ ಲೆಪ್ಟಿನ್ ಆ ಸುದ್ದಿ ಒಯ್ಯುತ್ತದೆ. ಲೆಪ್ಟಿನ್ ಹುಟ್ಟಿನಿಂದಲೇ ಇಲ್ಲದವರಿಗೆ ಪ್ರೌಢಾವಸ್ಥೆ ತಾನಾಗಿ ಬರುವುದಿಲ್ಲ. 1970ರಲ್ಲಿ ಅಮೆರಿಕದ ಸಂಶೋಧಕರಾದ ರೋಸ್ ಫ್ರಿಷ್ ಮತ್ತು ರೋಜರ್ ರೆವೆಲ್ "ಸುಮಾರು 47 ಕೆ.ಜಿ. ತಲುಪಿದಾಗ ಮುಟ್ಟು" ಎಂದು ಹೇಳಿದ್ದು ಬಹಳ ಹೆಸರಾಯಿತು. ಈಗ ಹಾಗೊಂದು ನಿಗದಿತ ತೂಕವನ್ನು ಯಾರೂ ಒಪ್ಪುವುದಿಲ್ಲ, ನಮ್ಮಲ್ಲಿ ಎಷ್ಟೋ ಹುಡುಗಿಯರು 40 ಕೆ.ಜಿ. ಮುಟ್ಟುವ ಮುಂಚೆಯೇ ಮೈನೆರೆಯುತ್ತಾರೆ. ಆದರೆ ದಿಕ್ಕು ಸರಿಯಾಗಿತ್ತು. ಮೈ ತುಂಬಿದವರು ಬೇಗ, ತೆಳ್ಳಗಿದ್ದವರು ತಡ.

ಮೈನೆರೆಯುವ ವಯಸ್ಸು ಒಬ್ಬರಿಂದೊಬ್ಬರಿಗೆ ಬೇರೆಯಾಗುವುದರ ಅರ್ಧಕ್ಕೂ ಹೆಚ್ಚು ಪಾಲು ವಂಶದಿಂದ ಬರುತ್ತದೆ. 2017ರಲ್ಲಿ ಸುಮಾರು 3.7 ಲಕ್ಷ ಹೆಂಗಸರ ಜೀನ್ ನೋಡಿ ಈ ವಯಸ್ಸಿಗೆ ನಂಟಿರುವ 389 ತಾಣ ಗುರುತಿಸಿದರು. ಒಂದೊಂದರ ಪ್ರಭಾವ ಕೆಲವೇ ದಿನ, ಕೆಲವೇ ವಾರ. ಒಟ್ಟು ಕೂಡಿದರೆ ವರ್ಷಗಳು. ತಾಯಿಗೆ ಎಷ್ಟಕ್ಕೆ ಆಗಿತ್ತು ಎಂಬ ಒಂದು ಪ್ರಶ್ನೆ ಹತ್ತು ಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ. ಆದರೆ ತಾಯಿ ಬೆಳೆದದ್ದು ಅವಳ ಕಾಲದ ಊಟದಲ್ಲಿ ಎಂಬುದನ್ನು ಮರೆಯಬಾರದು. ಅದೇ ಜೀನಿಗೆ ಒಳ್ಳೆಯ ಊಟ ಸಿಕ್ಕರೆ ಮಗಳು ಆರು ತಿಂಗಳು, ಒಂದು ವರ್ಷ ಮುಂದಿರುತ್ತಾಳೆ.

ಒಂದು ಅಧ್ಯಯನವನ್ನು ಸಭೆಯಲ್ಲಿ ಖಂಡಿತ ಹೇಳಿ, ಏಕೆಂದರೆ ಅದರಲ್ಲಿ ಇರುವವರು ಭಾರತದ ಮಕ್ಕಳು. ಸ್ವೀಡನ್ನಿನ ಕುಟುಂಬಗಳು ದತ್ತು ತೆಗೆದುಕೊಂಡ 107 ಭಾರತೀಯ ಹುಡುಗಿಯರ ಬೆಳವಣಿಗೆಯನ್ನು ಅಲ್ಲಿನ ವೈದ್ಯರು ದಾಖಲಿಸಿ 1991ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಮಕ್ಕಳು 11.6 ವರ್ಷದೊಳಗೆ ಮೈನೆರೆದಿದ್ದರು. ಇದು ಸ್ವೀಡನ್ನಿನ ಮಕ್ಕಳಿಗಿಂತಲೂ ಬೇಗ, ಭಾರತದಲ್ಲೇ ಬೆಳೆದವರಿಗಿಂತಲೂ ಬೇಗ. ಬಂದಾಗ ತೀರ ಕುಳ್ಳಾಗಿ ಬಡಕಲಾಗಿದ್ದು ಆಮೇಲೆ ದಿಢೀರನೆ ಬೆಳೆದವರೇ ಎಲ್ಲರಿಗಿಂತ ಮುಂದೆ. ಅಂದರೆ ಮೊದಲು ಕೊರತೆ, ಆಮೇಲೆ ಒಮ್ಮೆಲೇ ಸಮೃದ್ಧಿ, ಈ ಜೋಡಿಯೇ ಗಡಿಯಾರವನ್ನು ಹೆಚ್ಚು ಮುಂದಕ್ಕೆ ತಿರುಗಿಸುತ್ತದೆ. ಎರಡು ಕೆ.ಜಿ. ಚಿಲ್ಲರೆಯಲ್ಲಿ ಹುಟ್ಟಿ, ಎರಡು ಮೂರು ವರ್ಷದೊಳಗೆ ಗುಂಡಗಾದ ಮಗುವಿಗೂ ಇದೇ ಲೆಕ್ಕ. ನಮ್ಮಲ್ಲಿ ಕಡಿಮೆ ತೂಕದ ಕೂಸುಗಳು ಎಷ್ಟಿವೆ ಎಂದು ನೋಡಿದರೆ ಕೋಳಿಗಿಂತ ಇದು ದೊಡ್ಡ ಸಂಗತಿ, ಆದರೂ ಇದರ ಬಗ್ಗೆ ಮಾತೇ ಇಲ್ಲ ಎಂಬುದು ನನಗೆ ಬೇಸರ.

---

ಪಶುವೈದ್ಯ ಹಾವೇರಿ

ಕೋಳಿ, ಹಾಲಿನ ಭಾಗ ನಾನು ಹೇಳುತ್ತೇನೆ.

ಬ್ರಾಯ್ಲರ್ ಮರಿ ಸುಮಾರು 40 ಗ್ರಾಂ ಇರುತ್ತದೆ. 40–42 ದಿನಕ್ಕೆ ಎರಡು ಕೆ.ಜಿ. ದಾಟುತ್ತದೆ. ನೋಡಿದವರಿಗೆ "ಇಂಜೆಕ್ಷನ್ ಕೊಟ್ಟಿರಬೇಕು" ಅನ್ನಿಸುವುದು ಸಹಜ. ಆದರೆ ಆ ಬೆಳವಣಿಗೆಗೆ ಕಾರಣ ತಳಿ ಮತ್ತು ಮೇವು. ದಶಕಗಳ ಕಾಲ ಬೇಗ ಬೆಳೆಯುವ ಹುಂಜ, ಹೇಟೆಗಳನ್ನೇ ಆರಿಸಿ ಕೂಡಿಸುತ್ತಾ ಬಂದ ತಳಿ ಅದು. ಮೇವು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ, ಮೊದಲ ಹಂತದಲ್ಲಿ ಪ್ರೋಟೀನ್ ಶೇ. 22ರ ಸುಮಾರು. ಒಂದೂಮುಕ್ಕಾಲು ಕೆ.ಜಿ. ಮೇವಿಗೆ ಹತ್ತಿರ ಹತ್ತಿರ ಒಂದು ಕೆ.ಜಿ. ತೂಕ ಬರುತ್ತದೆ.

ಹಾರ್ಮೋನ್ ಏಕೆ ಕೊಡುವುದಿಲ್ಲ ಎಂದರೆ, ಕೊಟ್ಟರೆ ಕೆಲಸಕ್ಕೆ ಬರುವುದಿಲ್ಲ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನ್. ಮೇವಿನಲ್ಲಿ ಬೆರೆಸಿದರೆ ಕೋಳಿಯ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ಕೆಲಸ ಮಾಡಬೇಕಾದರೆ ಒಂದೊಂದು ಕೋಳಿಗೂ ದಿನಕ್ಕೆ ಹಲವು ಬಾರಿ ಸೂಜಿ ಚುಚ್ಚಬೇಕು. ಐದು ಸಾವಿರ ಕೋಳಿಯ ಶೆಡ್ಡಿನಲ್ಲಿ ಅದು ಆಗುವ ಮಾತಲ್ಲ, ಖರ್ಚಿಗೆ ಕೋಳಿಯ ಬೆಲೆಯೂ ಸಾಲದು. ಫಾರಂನಲ್ಲಿ ಜನ ನೋಡುವ ಹನಿ ಮತ್ತು ಸೂಜಿ ಲಸಿಕೆಯದು. ಮೊದಲ ವಾರ ಕೊಕ್ಕರೆ (ರಾಣಿಖೇತ್) ರೋಗಕ್ಕೆ ಕಣ್ಣಿಗೆ ಹನಿ, ಎರಡನೇ ವಾರ ಗಂಬೋರೊ ರೋಗಕ್ಕೆ ಲಸಿಕೆ.

ಈ ಗುಮಾನಿಗೆ ಒಂದು ಹಳೆಯ ಬೇರೂ ಇದೆ. 1940–50ರ ದಶಕದಲ್ಲಿ ಅಮೆರಿಕದಲ್ಲಿ ಡಿಇಎಸ್ ಎಂಬ ಕೃತಕ ಈಸ್ಟ್ರೋಜೆನ್ (ಹೆಣ್ಣಿನ ಹಾರ್ಮೋನ್) ಗುಳಿಗೆಯನ್ನು ಹುಂಜದ ಕತ್ತಿನ ಚರ್ಮದಡಿ ಇಡುತ್ತಿದ್ದರು. 1959ರಲ್ಲಿ ಕೋಳಿಯಲ್ಲಿ ಅದನ್ನು ನಿಲ್ಲಿಸಲಾಯಿತು. ಆಮೇಲೆ 1970ರ ದಶಕದ ಕೊನೆಯಲ್ಲಿ ಇಟಲಿಯ ಮಿಲಾನಿನ ಒಂದು ಶಾಲೆಯಲ್ಲಿ, ಪೋರ್ಟೊರಿಕೊದಲ್ಲಿ ಪುಟ್ಟ ಮಕ್ಕಳಿಗೆ ಎದೆ ಬಂದಾಗ ಮಾಂಸದ ಮೇಲೆ ಅನುಮಾನ ಬಂತು, ಸಾಬೀತಾಗಲಿಲ್ಲ. ಮಾತು ಮಾತ್ರ ಉಳಿಯಿತು.

ಕೋಳಿ ಉದ್ಯಮದಲ್ಲಿ ನಿಜಕ್ಕೂ ತಲೆಕೆಡಿಸಿಕೊಳ್ಳಬೇಕಾದದ್ದು ಆ್ಯಂಟಿಬಯಾಟಿಕ್ ಬಳಕೆ. ಕೊಲಿಸ್ಟಿನ್ ಎಂಬ ಔಷಧಿಯನ್ನು ಪ್ರಾಣಿಗಳಿಗೆ ಕೊಡುವುದನ್ನು 2019ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಅದರ ಹಾನಿ ಔಷಧಿಗೆ ಬಗ್ಗದ ಸೋಂಕು, ಮೈನೆರೆಯುವುದಕ್ಕೆ ಸಂಬಂಧವಿಲ್ಲ.

ಹಾಲಿನ ವಿಚಾರ. ಕರು ಸತ್ತ ಎಮ್ಮೆ ಸೊರ ಬಿಡಲಿ ಎಂದು ಹಾಲಿಳಿಸುವ ಹಾರ್ಮೋನಾದ ಆಕ್ಸಿಟೋಸಿನ್ ಚುಚ್ಚುವವರಿದ್ದಾರೆ. ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಮಿನ ಪ್ರಕಾರ ಅದು ಅಪರಾಧ, ಎಮ್ಮೆಗೂ ಕಷ್ಟ. ಆದರೆ ಆಕ್ಸಿಟೋಸಿನ್ ಒಂಬತ್ತು ಅಮೈನೊ ಆಮ್ಲಗಳ ಪುಟ್ಟ ಸರ. ರಕ್ತದಲ್ಲಿ ಕೆಲವೇ ನಿಮಿಷದಲ್ಲಿ ಅರ್ಧ ಕರಗುತ್ತದೆ, ಹಾಲಿನಲ್ಲಿ ಉಳಿದ ಚೂರು ಮಗುವಿನ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಅದು ಈಸ್ಟ್ರೋಜೆನ್ ಕೂಡ ಅಲ್ಲ.

---

ಬೆಳವಣಿಗೆ ನಕ್ಷೆ

ಪಶುವೈದ್ಯರ ಮಾತಿಗೆ ಒಂದು ಸೇರಿಸಬೇಕು, ಇಲ್ಲದಿದ್ದರೆ ಅರ್ಧಸತ್ಯವಾಗುತ್ತದೆ. ಮಾಂಸಕ್ಕೂ ವಯಸ್ಸಿಗೂ ನಂಟು ಇಲ್ಲವೇ ಇಲ್ಲ ಎಂದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನದಲ್ಲಿ, ಏಳನೇ ವಯಸ್ಸಿನಲ್ಲಿ ವಾರಕ್ಕೆ ಹನ್ನೆರಡಕ್ಕೂ ಹೆಚ್ಚು ಸಲ ಮಾಂಸ ತಿನ್ನುತ್ತಿದ್ದ ಹುಡುಗಿಯರು, ನಾಲ್ಕಕ್ಕಿಂತ ಕಡಿಮೆ ತಿನ್ನುತ್ತಿದ್ದವರಿಗಿಂತ ಬೇಗ ಮೈನೆರೆದರು. ಕಾರಣ ಅದರಲ್ಲಿರುವ ಪ್ರೋಟೀನು, ಸತು, ಕಬ್ಬಿಣ, ಅಂದರೆ ಬೆಳವಣಿಗೆಯ ಸಾಮಗ್ರಿ. ವಾರಕ್ಕೊಮ್ಮೆ, ಎರಡು ಸಲ ಕೋಳಿ ಸಾರು ಮಾಡುವ ಮನೆ ಆ ಹನ್ನೆರಡರ ಹತ್ತಿರಕ್ಕೂ ಬರುವುದಿಲ್ಲ. ಬಿಸಿಯೂಟದ ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ ಪ್ರೋಟೀನು. ಚೀಟಿ ಕಳಿಸುವ ತಾಯಂದಿರಿಗೆ ಇದನ್ನು ಹೇಳಿ.

ಬದಲಿಗೆ ಬಾಟಲಿ ಜ್ಯೂಸು, ಕೂಲ್ ಡ್ರಿಂಕ್ಸಿನ ಮೇಲೆ ಕಣ್ಣಿಡಿ. ಅಮೆರಿಕದಲ್ಲಿ ಸಾವಿರಾರು ಹುಡುಗಿಯರ ಮೇಲೆ ನಡೆದ ಅಧ್ಯಯನದಲ್ಲಿ, ದಿನಕ್ಕೆ ಒಂದೂವರೆಗಿಂತ ಹೆಚ್ಚು ಸಲ ಸಕ್ಕರೆ ಪಾನೀಯ ಕುಡಿಯುತ್ತಿದ್ದವರಿಗೆ ಸುಮಾರು 2.7 ತಿಂಗಳು ಬೇಗ ಮುಟ್ಟಾಗಿತ್ತು. ತೂಕ ಒಂದೇ ಇದ್ದವರಲ್ಲೂ ಈ ವ್ಯತ್ಯಾಸ ಉಳಿದಿತ್ತು. ಎಳ್ಳು, ಪಪ್ಪಾಯಿ "ಉಷ್ಣ" ಎಂದು ಬೇಗ ಮೈನೆರೆಸುತ್ತವೆ ಎನ್ನಲು ಆಧಾರವಿಲ್ಲ. ಚಿಗಳಿ ತಿಂದರೆ ಮಗುವಿಗೆ ಕ್ಯಾಲ್ಸಿಯಂ, ಕಬ್ಬಿಣ ಸಿಗುತ್ತದೆ, ಅಷ್ಟೇ.

---

ಪರಿಸರ ರಸಾಯನ

ಪ್ಲಾಸ್ಟಿಕ್, ಕೀಟನಾಶಕದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಇಲ್ಲಿ ಒಂದೇ ದಿಕ್ಕಿನ ಉತ್ತರವಿಲ್ಲ. 1973ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಬೆಂಕಿ ನಿರೋಧಕ ರಾಸಾಯನಿಕ ಪಿಬಿಬಿ ಅಕಸ್ಮಾತ್ ದನದ ಮೇವಿಗೆ ಬೆರೆಯಿತು. ಗರ್ಭದಲ್ಲಿ ಅದು ಹೆಚ್ಚು ತಗುಲಿ, ಎದೆಹಾಲೂ ಕುಡಿದ ಹೆಣ್ಣುಮಕ್ಕಳಿಗೆ ಸರಾಸರಿ 11.6ಕ್ಕೇ ಮುಟ್ಟಾಯಿತು. ಅದೇ ಸೀಸ ಉಲ್ಟಾ, ರಕ್ತದಲ್ಲಿ ಸೀಸ ಹೆಚ್ಚಿದ್ದ ಹುಡುಗಿಯರಿಗೆ ತಡವಾಯಿತು. ಪ್ಲಾಸ್ಟಿಕ್ಕಿನಲ್ಲಿ ಬಳಸುವ ಬಿಸ್ಫಿನಾಲ್, ಥ್ಯಾಲೇಟ್‌ಗಳ ಮೇಲಿನ ಫಲಿತಾಂಶ ಒಂದರಂತೆ ಇನ್ನೊಂದಿಲ್ಲ. ಮನೆಯಲ್ಲಿ ಮಾಡಬಹುದಾದದ್ದು ಸರಳ: ಬಿಸಿ ಸಾರು, ಬಿಸಿ ಹಾಲನ್ನು ಪ್ಲಾಸ್ಟಿಕ್ ಡಬ್ಬಿ, ಕವರಿಗೆ ಹಾಕಬೇಡಿ, ಸ್ಟೀಲ್ ಸಾಕು. ಲ್ಯಾವೆಂಡರ್, ಟೀ ಟ್ರೀ ಎಣ್ಣೆ ಇರುವ ಸೋಪು, ಕ್ರೀಮುಗಳನ್ನು ದಿನಾ ಬಳಸಿದ ಪುಟ್ಟ ಮಕ್ಕಳಲ್ಲಿ ಎದೆ ಬಂದು, ನಿಲ್ಲಿಸಿದ ಮೇಲೆ ಇಳಿದ ವರದಿಗಳಿವೆ. ಮನೆಯಲ್ಲಿ ದೊಡ್ಡವರು ಹಾರ್ಮೋನ್ ಕ್ರೀಮು ಅಥವಾ ಜೆಲ್ ಹಚ್ಚಿಕೊಳ್ಳುತ್ತಿದ್ದರೆ ಮಗುವಿನ ಮೈಗೆ ತಗಲದಂತೆ ನೋಡಿಕೊಳ್ಳಬೇಕು, ಇದು ಬಹಳ ಸಲ ತಪ್ಪಿಹೋಗುವ ಕಾರಣ.

ಕೋವಿಡ್ ಲಾಕ್‌ಡೌನ್ ನಂತರ ಇಟಲಿ, ಟರ್ಕಿ, ಭಾರತದಲ್ಲೂ ಅಕಾಲ ಪ್ರೌಢತೆಯ ಪ್ರಕರಣ ಏರಿದವು. ಓಡಾಟ ನಿಂತದ್ದು, ತೂಕ ಏರಿದ್ದು, ನಿದ್ದೆ ಕೆಟ್ಟದ್ದು, ಒತ್ತಡ, ಎಲ್ಲ ಒಟ್ಟಿಗೇ ಬಂದದ್ದರಿಂದ ಮೊಬೈಲನ್ನು ಮಾತ್ರ ಬೇರೆ ಮಾಡಿ ಬೈಯಲು ಬರುವುದಿಲ್ಲ.

---

ಐದನೇ ತರಗತಿ ಟೀಚರ್

ತುಂಬಾ ಉಪಕಾರವಾಯಿತು. ಇನ್ನು ವಯಸ್ಸಿನ ಗಡಿ ಹೇಳಿ. ಎರಡನೇ ತರಗತಿ ಮಗುವಿನ ಎದೆಯಲ್ಲಿ ಒಂದೇ ಕಡೆ ಗಂಟು ಬಂದಿದೆ ಎಂದು ಒಬ್ಬ ತಾಯಿ ಹೆದರಿದ್ದಾರೆ. ಕ್ಯಾನ್ಸರ್ ಇರಬಹುದು, ತೆಗೆಸಿ ಎಂದು ಯಾರೋ ಹೇಳಿದರಂತೆ.

---

ಮಕ್ಕಳ ಒಪಿಡಿ

ತೆಗೆಸಬೇಡಿ ಎಂದು ಇವತ್ತೇ ಹೇಳಿ. ಎದೆ ಮೂಡುವಾಗ ಮೊಲೆತೊಟ್ಟಿನ ಕೆಳಗೆ ಸರಿಯಾಗಿ ಒಂದು ಬಟನ್ನಿನಂಥ ಗಟ್ಟಿ ಬಿಲ್ಲೆ ಬರುತ್ತದೆ, ಮುಟ್ಟಿದರೆ ನೋಯುತ್ತದೆ, ಮೊದಲು ಒಂದೇ ಕಡೆ ಬರುವುದು ಬಹಳ ಸಾಮಾನ್ಯ. ಇನ್ನೊಂದು ಕಡೆಯದು ಕೆಲವು ತಿಂಗಳ ಮೇಲೆ ಬರುತ್ತದೆ. ಆ ಬಿಲ್ಲೆಯೇ ಮುಂದಿನ ಇಡೀ ಸ್ತನದ ಮೊಳಕೆ. ಅದನ್ನು ಕತ್ತರಿಸಿದರೆ ಆ ಕಡೆ ಜೀವಮಾನವಿಡೀ ಎದೆ ಬೆಳೆಯುವುದಿಲ್ಲ. ಸೂಜಿ ಪರೀಕ್ಷೆಯೂ ಬೇಡ.

ದಪ್ಪಗಿರುವ ಮಗುವಿನಲ್ಲಿ ಕೊಬ್ಬೋ ಎದೆಯೋ ಎಂದು ತಿಳಿಯಲು ಮಲಗಿಸಿ ನೋಡಬೇಕು. ಹೆಬ್ಬೆರಳು, ತೋರುಬೆರಳನ್ನು ತೊಟ್ಟಿನ ಎರಡು ಬದಿಯಿಂದ ಒಳಕ್ಕೆ ಮೆಲ್ಲಗೆ ತನ್ನಿ. ಬರೀ ಮೆತ್ತಗಿದ್ದು ಬೆರಳು ಬೆರಳಿಗೆ ಸೇರಿದರೆ ಕೊಬ್ಬು. ನಡುವೆ ಬಿಲ್ಲೆ ತಡೆದರೆ ಎದೆ. ಕೂರಿಸಿ ಕಣ್ಣಿನಲ್ಲೇ ನೋಡಿದರೆ ಎಲ್ಲರೂ ಮೋಸ ಹೋಗುತ್ತಾರೆ.

ಗಡಿಗಳು ಹೀಗೆ. ಎಂಟು ತುಂಬುವ ಮುಂಚೆ ಎದೆ ಮೂಡಿದರೆ ತೋರಿಸಬೇಕು. ಹತ್ತಕ್ಕೆ ಮುಂಚೆ ಮುಟ್ಟಾದರೂ ತೋರಿಸಬೇಕು. ಎದೆ ಮೂಡಿ ವರ್ಷವೂ ಆಗಿಲ್ಲ, ಆಗಲೇ ರಕ್ತ ಕಂಡಿತು ಎಂದರೆ, ಅಥವಾ ಎದೆಯೇ ಇಲ್ಲದೆ ರಕ್ತ ಕಂಡರೆ ಅದು ಕ್ರಮ ತಪ್ಪಿದ್ದು, ತಡ ಮಾಡಬಾರದು. ಒಳಗೆ ಏನಾದರೂ ಸಿಕ್ಕಿಕೊಂಡಿರಬಹುದು, ಗಾಯ ಇರಬಹುದು, ಯಾರಾದರೂ ಮಗುವಿಗೆ ತೊಂದರೆ ಕೊಟ್ಟಿರಬಹುದು. ಕೊನೆಯದನ್ನು ಕೇಳಲು ಹಿಂಜರಿಯಬೇಡಿ.

ಎರಡನೇ ತರಗತಿಯ ಆ ಮಗು ಏಳು ವರ್ಷದ್ದಾದರೆ ತೋರಿಸುವುದೇ ಸರಿ, ಗಾಬರಿ ಬೇಡ. ಹೋಗುವಾಗ ಎತ್ತರದ ಪಟ್ಟಿ ಕೈಯಲ್ಲಿರಲಿ. ಇದು ಶಾಲೆಯಲ್ಲೇ ಮಾಡಬಹುದಾದ ಕೆಲಸ: ಬರಿಗಾಲು, ಜುಟ್ಟು ಬಿಚ್ಚಿ, ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಿಸಿ, ಕಣ್ಣು ನೇರ ಮುಂದೆ. ತಲೆಯ ಮೇಲೆ ದಪ್ಪ ಪುಸ್ತಕವನ್ನು ಗೋಡೆಗೆ ಚಚ್ಚೌಕವಾಗಿ ಒತ್ತಿ ಗುರುತು ಹಾಕಿ. ಪ್ರತಿ ಸಲ ಬೆಳಿಗ್ಗೆಯೇ ಅಳೆಯಿರಿ, ಸಂಜೆಗೆ ಒಂದು ಸೆಂ.ಮೀ.ವರೆಗೂ ಕುಗ್ಗಬಹುದು. ಮೂರು ತಿಂಗಳಿಗೊಮ್ಮೆ ಸಾಕು. ಈ ವಯಸ್ಸಿನ ಮಗು ವರ್ಷಕ್ಕೆ 5–6 ಸೆಂ.ಮೀ. ಬೆಳೆಯುತ್ತದೆ. ಏಳರ ಮಗು ವರ್ಷಕ್ಕೆ 8 ಸೆಂ.ಮೀ. ಏರುತ್ತಿದ್ದರೆ ಒಳಗೆ ಗಡಿಯಾರ ನಿಜಕ್ಕೂ ಶುರುವಾಗಿದೆ. ಎದೆ ಮಾತ್ರ ಬಂದು ಎತ್ತರ ಮೊದಲಿನ ಗತಿಯಲ್ಲೇ ಇದ್ದರೆ ಅದು ಎಷ್ಟೋ ಸಲ ಅಲ್ಲೇ ನಿಂತುಬಿಡುತ್ತದೆ.

ಡಾಕ್ಟರು ಮೊದಲು ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆ. ಬೆಳಗಿನ ರಕ್ತದಲ್ಲಿ, ಅಂಡಾಶಯವನ್ನು ಎಬ್ಬಿಸುವ ಪಿಟ್ಯುಟರಿ ಹಾರ್ಮೋನಾದ ಎಲ್‌ಎಚ್ 0.3ಕ್ಕಿಂತ ಹೆಚ್ಚಿದ್ದರೆ ಮಿದುಳಿನಿಂದಲೇ ಶುರುವಾಗಿದೆ ಎಂಬ ಸೂಚನೆ. ಅನುಮಾನವಿದ್ದರೆ ಪಿಟ್ಯುಟರಿಯನ್ನು ಎಬ್ಬಿಸುವ ಇಂಜೆಕ್ಷನ್ ಕೊಟ್ಟು ಮತ್ತೆ ಅಳೆಯುತ್ತಾರೆ, 5 ದಾಟಿದರೆ ಖಚಿತ. ಥೈರಾಯ್ಡ್ ನೋಡುವ ರಕ್ತಪರೀಕ್ಷೆ ಟಿಎಸ್‌ಎಚ್ ಬಿಡಬಾರದು. ಥೈರಾಯ್ಡ್ ತೀರ ಕಡಿಮೆಯಾದ ಮಗುವಿಗೂ ರಕ್ತ ಕಾಣಬಹುದು. ಆ ಮಗುವಿನ ಗುರುತೇ ಬೇರೆ, ಎತ್ತರ ನಿಂತುಹೋಗಿರುತ್ತದೆ, ಮೂಳೆಯ ವಯಸ್ಸು ಹಿಂದಿರುತ್ತದೆ. ಥೈರಾಯ್ಡ್ ಮಾತ್ರೆ ಕೊಟ್ಟರೆ ಎಲ್ಲ ಹಿಂದಕ್ಕೆ ಸರಿಯುತ್ತದೆ. ಆರು ವರ್ಷಕ್ಕಿಂತ ಚಿಕ್ಕವರಾದರೆ ಮಿದುಳಿನ ಎಂಆರ್‌ಐ ಬೇಕಾಗುತ್ತದೆ.

---

ಸ್ತ್ರೀರೋಗ ವಾರ್ಡ್

ಎಲ್ಲರೂ "ಬೇಗ"ದ ಬಗ್ಗೆಯೇ ಹೇಳುತ್ತಿದ್ದೀರಿ. ತಡದ ಮಕ್ಕಳು ಸುಮ್ಮನೆ ಹಿಂದೆ ಉಳಿದುಬಿಡುತ್ತಾರೆ, ಮನೆಯವರಿಗೆ ನಾಚಿಕೆ. ಹದಿಮೂರಕ್ಕೂ ಎದೆ ಮೂಡದಿದ್ದರೆ, ಹದಿನೈದು ತುಂಬಿದರೂ ಮುಟ್ಟಾಗದಿದ್ದರೆ, ಎದೆ ಮೂಡಿ ಮೂರು ವರ್ಷವಾದರೂ ಆಗದಿದ್ದರೆ ಕಳಿಸಿ.

ಕಾರಣಗಳಲ್ಲಿ ಮೊದಲನೆಯದು ಊಟ ಸಾಲದಿರುವುದು ಮತ್ತು ದೀರ್ಘ ಕಾಯಿಲೆ: ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ), ಸಿಲಿಯಾಕ್ (ಗೋಧಿ ಒಗ್ಗದ ಕರುಳಿನ ಕಾಯಿಲೆ), ಕಿಡ್ನಿ ತೊಂದರೆ. ಕ್ರೀಡಾ ಹಾಸ್ಟೆಲಿನ ಓಟಗಾರ್ತಿ, ಜಿಮ್ನಾಸ್ಟ್ ಮಕ್ಕಳಿಗೂ ತಡವಾಗುತ್ತದೆ. ಮುಟ್ಟಿಗೆ ಮುಂಚೆ ಕಠಿಣ ತರಬೇತಿ ಶುರು ಮಾಡಿದವರಲ್ಲಿ ತರಬೇತಿಯ ಪ್ರತಿ ವರ್ಷಕ್ಕೆ ಸುಮಾರು ಐದು ತಿಂಗಳಂತೆ ತಡವಾಯಿತು ಎಂದು ಫ್ರಿಷ್ 1981ರಲ್ಲಿ ತೋರಿಸಿದ್ದರು. ಅಲ್ಲಿ ಆಟ ಬಿಡಿಸುವುದಕ್ಕಿಂತ ತಟ್ಟೆ ತುಂಬಿಸುವುದು ಮುಖ್ಯ. ತರಗತಿಯಲ್ಲೇ ಕುಳ್ಳಿ, ಎದೆಯೂ ಇಲ್ಲ ಎಂದರೆ ಟರ್ನರ್ ಸಿಂಡ್ರೋಮಿಗೆ (ಒಂದು ಎಕ್ಸ್ ವರ್ಣತಂತು ಕಡಿಮೆಯಿರುವ ಸ್ಥಿತಿ) ವರ್ಣತಂತು ಪರೀಕ್ಷೆ ಮಾಡಿಸಬೇಕು.

ಒಂದು ಸ್ಥಿತಿ ಶಿಕ್ಷಕರ ಕಣ್ಣಿಗೆ ಬೇಗ ಬೀಳುತ್ತದೆ. ಹದಿಮೂರು, ಹದಿನಾಲ್ಕರ ಹುಡುಗಿ, ಎದೆ ಚೆನ್ನಾಗಿ ಬೆಳೆದಿದೆ, ಮುಟ್ಟಾಗಿಲ್ಲ, ಆದರೆ ತಿಂಗಳಿಗೊಮ್ಮೆ ಮೂರು ನಾಲ್ಕು ದಿನ ಕೆಳಹೊಟ್ಟೆ ಹಿಡಿದುಕೊಂಡು ಕೂರುತ್ತಾಳೆ. ಯೋನಿಯ ಬಾಯಿಯ ಪೊರೆ ಪೂರ್ತಿ ಮುಚ್ಚಿಕೊಂಡು ರಕ್ತ ಒಳಗೇ ತುಂಬುತ್ತಿರುತ್ತದೆ. ಕೊನೆಗೆ ಮೂತ್ರ ಕಟ್ಟಿಕೊಂಡಾಗ ಆಸ್ಪತ್ರೆಗೆ ಬರುತ್ತಾರೆ. ಚಿಕ್ಕ ಶಸ್ತ್ರಚಿಕಿತ್ಸೆಯಲ್ಲಿ ಸರಿಹೋಗುತ್ತದೆ. ಗಂಟಾಗಿದೆ, ಹುಳುವಾಗಿದೆ ಎಂದು ತಿಂಗಳುಗಟ್ಟಲೆ ಔಷಧಿ ಕೊಟ್ಟು ಕಳೆಯುವುದೇ ದೊಡ್ಡ ತಪ್ಪು.

---

ಮಕ್ಕಳ ಒಪಿಡಿ

ಕೊನೆಯ ಪ್ರಶ್ನೆ, ಮುಂದೂಡುವುದು. ಊಟ ಕಡಿಮೆ ಮಾಡಿ ಮುಂದೂಡಬಾರದು. ಎದೆ ಮೂಡಿದ ಮೇಲಿನ ಎರಡು ವರ್ಷವೇ ಹುಡುಗಿಯ ಎತ್ತರ ಓಡುವ ಕಾಲ, ಉತ್ತುಂಗದಲ್ಲಿ ವರ್ಷಕ್ಕೆ ಎಂಟು ಸೆಂ.ಮೀ. ಮುಟ್ಟಾದ ಮೇಲೆ ಉಳಿಯುವುದು ಐದಾರು ಸೆಂ.ಮೀ. ಮಾತ್ರ. ಈ ಕಾಲದಲ್ಲಿ ಹಾಲು, ಮೊಟ್ಟೆ, ಬೇಳೆ ಕಿತ್ತುಕೊಂಡರೆ ಮುಟ್ಟು ನಿಲ್ಲುವುದಿಲ್ಲ, ಎತ್ತರ ಹೋಗುತ್ತದೆ, ರಕ್ತ ಕಡಿಮೆಯಾಗುತ್ತದೆ. ತೂಕ ಹೆಚ್ಚಿರುವ ಮಗುವಿಗೆ ಐದಾರು ವರ್ಷದಲ್ಲೇ ಶುರು ಮಾಡಬೇಕು: ಸಕ್ಕರೆ ಪಾನೀಯ, ಕುರುಕಲು ಬಿಡಿಸಿ, ದಿನಕ್ಕೆ ಒಂದು ಗಂಟೆ ಆಡಲು ಬಿಡಿ. ಬಿಎಂಐಯನ್ನು (ಎತ್ತರಕ್ಕೆ ತೂಕ ಎಷ್ಟೆಂಬ ಲೆಕ್ಕ) ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ನಕ್ಷೆಯಲ್ಲೇ ಗುರುತಿಸಿ, ವಿದೇಶದ ನಕ್ಷೆಯಲ್ಲಿ ನಮ್ಮ ಮಗುವಿನ ಹೆಚ್ಚಿನ ತೂಕ ತಪ್ಪಿಹೋಗುತ್ತದೆ.

ತಡೆಯುವ ಇಂಜೆಕ್ಷನ್ ಇದೆ, ಲ್ಯೂಪ್ರೊಲೈಡ್, ತಿಂಗಳಿಗೆ 3.75 ಅಥವಾ ಮೂರು ತಿಂಗಳಿಗೆ 11.25 ಮಿ.ಗ್ರಾಂ. ಎತ್ತರಕ್ಕೆ ಅದರ ಲಾಭ ಹೆಚ್ಚು ಸಿಗುವುದು ಆರಕ್ಕಿಂತ ಮುಂಚೆ ಶುರುವಾದವರಿಗೆ. ಆರರಿಂದ ಎಂಟರ ನಡುವೆ ಒಬ್ಬೊಬ್ಬರಿಗೆ ಒಂದೊಂದು ಥರ. ಒಂಬತ್ತೂವರೆಗೆ ಎದೆ ಮೂಡಿ, ಹನ್ನೊಂದೂವರೆಗೆ ಮೈನೆರೆಯುವ ಆರೋಗ್ಯವಂತ ಹುಡುಗಿಗೆ ಅದು ಬೇಡ. ಹೆಸರು ಬರೆಯದ ಪುಡಿ, ಲೇಹ್ಯ ಕೊಟ್ಟು "ಎರಡು ವರ್ಷ ತಳ್ಳುತ್ತೇವೆ" ಎನ್ನುವವರ ಹತ್ತಿರ ಹೋಗುವುದೇ ಬೇಡ, ಅಂಥದ್ದರಲ್ಲಿ ಸ್ಟೀರಾಯ್ಡ್ ಇದ್ದರೆ ಎತ್ತರ ಇನ್ನೂ ಕುಗ್ಗುತ್ತದೆ.

---

ಐದನೇ ತರಗತಿ ಟೀಚರ್

ಬರೆದುಕೊಂಡೆ. ಶಾಲೆಯ ಕಡೆಯಿಂದ ಏನಿಟ್ಟುಕೊಳ್ಳಬೇಕು, ಅದೊಂದು ಹೇಳಿಬಿಡಿ.

---

ಸ್ತ್ರೀರೋಗ ವಾರ್ಡ್

ನಾಲ್ಕನೇ ತರಗತಿಯಿಂದಲೇ ತಿಳಿಸಿ. ಎದೆ ಮೂಡಿದ ದಿನಾಂಕ ತಾಯಿಗೆ ನೆನಪಿದ್ದರೆ ಅದಕ್ಕೆ ಎರಡು ವರ್ಷ ಕೂಡಿ, ಆ ಹೊತ್ತಿಗೆ ಮಗುವಿನ ಬ್ಯಾಗಿನಲ್ಲಿ ಎರಡು ಪ್ಯಾಡು, ಒಂದು ಚಡ್ಡಿ, ಮಡಚಿದ ಕಾಗದದ ಕವರು ಇರಲಿ. ಶಾಲೆಯ ಬೀರುವಿನಲ್ಲಿ ಒಂದು ಸ್ಕರ್ಟ್ ಮತ್ತು ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಇಡಿ, ಕೀಲಿ ಹೆಣ್ಣು ಶಿಕ್ಷಕಿಯ ಹತ್ತಿರವೇ ಇರಲಿ. ಮೊದಲ ಎರಡು ವರ್ಷ 21ರಿಂದ 45 ದಿನಕ್ಕೊಮ್ಮೆ ಆದರೂ ಸರಿಯೇ. ಮುಟ್ಟಾಗದೆ ಮೂರು ತಿಂಗಳು ದಾಟಿದರೆ, ರಕ್ತ ಏಳು ದಿನ ದಾಟಿ ಹೋದರೆ, ಗಂಟೆಗೊಂದು ಪ್ಯಾಡ್ ನೆನೆದರೆ ಕಳಿಸಿ. ಮೊದಲ ಮುಟ್ಟಿನಲ್ಲೇ ಹಾಗೆ ಹರಿದರೆ ರಕ್ತ ಹೆಪ್ಪುಗಟ್ಟದ ತೊಂದರೆ ಇದೆಯೇ ಎಂದು ನೋಡಬೇಕು. ಮೂಗಿನಲ್ಲಿ ಆಗಾಗ ರಕ್ತ ಬರುತ್ತಿತ್ತಾ, ಹಲ್ಲು ಕಿತ್ತಾಗ ನಿಲ್ಲಲಿಲ್ಲವಾ ಎಂದು ತಾಯಿಯನ್ನು ಕೇಳಿ. ವಾರದ ನೀಲಿ ಕಬ್ಬಿಣದ ಮಾತ್ರೆ, 60 ಮಿ.ಗ್ರಾಂ.ನದು, ಊಟವಾದ ಮೇಲೆ ನಿಮ್ಮೆದುರೇ ನುಂಗಿಸಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿಯಾಗಿ ಮುಂದಿನ ವಾರದಿಂದ ಮಗು ಅದನ್ನು ಕಿಟಕಿಯಾಚೆ ಎಸೆಯುತ್ತದೆ.